ಕ್ರೀಡಾಪಟುಗಳ ಮನಸ್ಸು ಮತ್ತು ಪಂದ್ಯದ ಆತಂಕ: ಬಳ್ಳಾರಿ, ರಾಯಚೂರು, ಕೊಪ್ಪಳದ ಮೈದಾನಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹೋಬಳಿ ಮಟ್ಟದಿಂದ ರಾಜ್ಯ ಮಟ್ಟದವರೆಗೆ ಸ್ಪರ್ಧಿಸುವ ನಮ್ಮ ಭಾಗದ ಕ್ರೀಡಾಪಟುಗಳು, ಅವರ ತಂದೆತಾಯಿ, ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ತರಬೇತುದಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಕಾಲು ಉಳುಕಿದರೆ ಐಸ್ ಹಿಡಿದು ಹತ್ತು ಜನ ಓಡಿ ಬರುವ ಮೈದಾನದಲ್ಲಿ, ‘ವಾರದಿಂದ ನಿದ್ದೆಯೇ ಬರುತ್ತಿಲ್ಲ’ ಎಂದವರಿಗೆ ‘ಧೈರ್ಯ ತಗೋ’ ಎಂಬುದರ ಹೊರತು ಬೇರೆ ಮಾತು ಸಿಗುವುದು ಅಪರೂಪ. ಈ ಉತ್ತರಗಳು ವೈದ್ಯರ ತಪಾಸಣೆಗೆ ಬದಲಿಯಲ್ಲ. ಯಾವುದನ್ನು ಮೈದಾನದಲ್ಲೇ ನಿಭಾಯಿಸಬಹುದು, ಯಾವುದಕ್ಕೆ ವೈದ್ಯರು ಬೇಕು ಎಂದು ಗುರುತಿಸಲು ಇವು ನೆರವಾದರೆ ಸಾಕು.

ಪಂದ್ಯಕ್ಕೆ ಮುಂಚೆ ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ. ಇದು ಕಾಯಿಲೆಯೇ?

ಅಲ್ಲ. ಮಹತ್ವದ ಸಂಗತಿಯೊಂದು ಎದುರಿಗಿದೆ ಎಂದು ಮಿದುಳಿಗೆ ಅನಿಸಿದೊಡನೆ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಆಗ ಹೃದಯದ ಬಡಿತವೂ ಉಸಿರಿನ ವೇಗವೂ ಏರುತ್ತವೆ, ಜೀರ್ಣಾಂಗಗಳಿಗೆ ಹೋಗುವ ರಕ್ತ ಕಡಿಮೆಯಾಗಿ ತೊಡೆ ತೋಳುಗಳ ಸ್ನಾಯುಗಳಿಗೆ ಹೆಚ್ಚು ಹರಿಯುತ್ತದೆ. ಬಾಯಿ ಒಣಗುವುದು, ಹೊಟ್ಟೆಯಲ್ಲಿ ತಳಮಳವಾಗುವುದು, ಬೆವರುವುದು ಎಲ್ಲವೂ ಈ ಸಿದ್ಧತೆಯ ಭಾಗಗಳೇ. ಕಬಡ್ಡಿಯಲ್ಲಿ ರೈಡಿಗೆ ಹೋಗುವವನಿಗೂ ಓಟದ ಗೆರೆಯ ಮೇಲೆ ನಿಂತವಳಿಗೂ ಈ ಸಿದ್ಧತೆ ಬೇಕು.

ಕ್ರೀಡಾ ಮನೋವಿಜ್ಞಾನ ಆತಂಕವನ್ನು ಎರಡಾಗಿ ನೋಡುತ್ತದೆ. ಒಂದು ದೇಹದಲ್ಲಿ ಕಾಣುವಂಥದ್ದು, ಮೇಲೆ ಹೇಳಿದ್ದು. ಇನ್ನೊಂದು ವಿಚಾರದಲ್ಲಿ ನಡೆಯುವಂಥದ್ದು: ‘ಸೋತರೆ ಊರಲ್ಲಿ ಮುಖ ತೋರಿಸುವುದು ಹೇಗೆ’, ‘ಈ ಸಲವೂ ಫೌಲ್ ಆದರೆ’ ಎಂಬ ಯೋಚನೆಗಳು. ದೇಹದ ಆತಂಕ ಸಾಮಾನ್ಯವಾಗಿ ಪಂದ್ಯ ಹತ್ತಿರವಾದಂತೆ ಏರಿ, ಸೀಟಿ ಊದಿ ಆಟ ಶುರುವಾದ ಮೇಲೆ ಇಳಿಯುತ್ತದೆ. ವಿಚಾರದ ಆತಂಕವಾದರೋ ದಿನಗಳ ಮೊದಲೇ ಬಂದು ಕೂತಿರುತ್ತದೆ, ಆಟದ ನಡುವೆಯೂ ಮರಳಬಹುದು. ಹೆಚ್ಚಿನ ತೊಂದರೆ ಕೊಡುವುದು ಈ ಎರಡನೆಯದೇ.

ಸ್ವಲ್ಪ ಟೆನ್ಷನ್ ಇರಬೇಕು ಎನ್ನುತ್ತಾರೆ. ಎಷ್ಟು ಇರಬೇಕು?

ಎಲ್ಲರಿಗೂ ಒಂದೇ ಅಳತೆ ಇಲ್ಲ. ಉದ್ವೇಗ ತೀರಾ ಕಡಿಮೆಯಿದ್ದರೂ ತೀರಾ ಹೆಚ್ಚಾದರೂ ಕೆಲಸ ಕೆಡುತ್ತದೆ, ಕಠಿಣವಾದ ಕೆಲಸ ಬೇಗ ಕೆಡುತ್ತದೆ ಎಂಬ ಮಾತಿಗೆ 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗ ಮೂಲ. ಆಮೇಲೆ ಯೂರಿ ಹಾನಿನ್ ಎಂಬ ಕ್ರೀಡಾ ಮನೋವಿಜ್ಞಾನಿ, ಪ್ರತಿಯೊಬ್ಬ ಆಟಗಾರನಿಗೂ ಚೆನ್ನಾಗಿ ಆಡುವ ತನ್ನದೇ ಆದ ಉದ್ವೇಗದ ವಲಯ ಇರುತ್ತದೆ ಎಂದರು. ನನಗೆ ಈ ಎರಡನೆಯ ಮಾತು ಹೆಚ್ಚು ಉಪಯುಕ್ತವೆನಿಸುತ್ತದೆ. ಕುಸ್ತಿಪಟುವಿಗೆ ಬೇಕಾದ ಕಾವು ಬಿಲ್ಲುಗಾರನಿಗೆ ಬೇಡ. ಒಂದೇ ಕೊಕ್ಕೊ ತಂಡದಲ್ಲಿ ಒಬ್ಬಳು ಹಾಡುತ್ತಾ ಕುಣಿಯುತ್ತಾ ಸಿದ್ಧಳಾಗುತ್ತಾಳೆ, ಇನ್ನೊಬ್ಬಳಿಗೆ ಒಬ್ಬಳೇ ಕೂರಬೇಕೆನಿಸುತ್ತದೆ. ಎಲ್ಲರನ್ನೂ ಸುತ್ತ ನಿಲ್ಲಿಸಿ ಘೋಷಣೆ ಕೂಗಿಸುವ ಅಭ್ಯಾಸ ಕೆಲವರಿಗೆ ಹುರುಪು ಕೊಟ್ಟರೆ ಕೆಲವರನ್ನು ಕೆಡಿಸುತ್ತದೆ.

ನಿಮ್ಮ ಅಳತೆ ತಿಳಿಯಲು ಒಂದು ಸಣ್ಣ ನೋಟ್‌ಬುಕ್ ಸಾಕು. ಪ್ರತಿ ಪಂದ್ಯದ ಮುಂಚೆ ಉದ್ವೇಗಕ್ಕೆ ಹತ್ತರಲ್ಲಿ ಒಂದು ಅಂಕ ಕೊಟ್ಟು ಬರೆಯಿರಿ, ಪಂದ್ಯ ಮುಗಿದ ಮೇಲೆ ಹೇಗೆ ಆಡಿದಿರಿ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಒಂದು ಋತು ಮುಗಿಯುವ ಹೊತ್ತಿಗೆ ನಿಮ್ಮ ಒಳ್ಳೆಯ ಆಟಗಳು ಯಾವ ಅಂಕದ ಆಸುಪಾಸಿನಲ್ಲಿವೆ ಎಂಬುದು ಕಾಣತೊಡಗುತ್ತದೆ.

ಅಭ್ಯಾಸದಲ್ಲಿ ಎಲ್ಲರನ್ನೂ ಮೀರಿಸುವ ಹುಡುಗ ಟ್ರಯಲ್ಸ್‌ನಲ್ಲಿ ಯಾಕೆ ಕೈಚೆಲ್ಲುತ್ತಾನೆ?

ನಮ್ಮ ಕೋಚ್‌ಗಳು ಹೆಚ್ಚು ಕೇಳುವ ಪ್ರಶ್ನೆ ಇದು. ‘ಅವನಿಗೆ ಧೈರ್ಯ ಸಾಲದು’ ಎಂಬ ಉತ್ತರವೂ ಕೇಳುವವರ ಬಾಯಲ್ಲೇ ಸಿದ್ಧವಾಗಿರುತ್ತದೆ. ಆ ಉತ್ತರ ತಪ್ಪು.

ವರ್ಷಗಟ್ಟಲೆ ಮಾಡಿದ ಚಲನೆಯನ್ನು ದೇಹ ತಾನಾಗಿಯೇ ಮಾಡುತ್ತದೆ. ತುಂಬಿದ ಕೊಡ ಹೊತ್ತವಳು ಮಾತಾಡುತ್ತಲೇ ಮನೆ ಸೇರುತ್ತಾಳೆ, ಆದರೆ ಹೆಜ್ಜೆ ಎಲ್ಲಿ ಬೀಳುತ್ತಿದೆ ಎಂದು ನೋಡತೊಡಗಿದ ಕೂಡಲೇ ನೀರು ತುಳುಕುತ್ತದೆ. ಒತ್ತಡದಲ್ಲಿ ನಡೆಯುವುದೂ ಇದೇ. ಮೊಣಕೈ ಸರಿಯಿದೆಯೇ, ಹೆಜ್ಜೆ ಸರಿಬಿತ್ತೇ ಎಂದು ಆಟಗಾರ ತನ್ನನ್ನೇ ಕಾಯತೊಡಗುತ್ತಾನೆ, ತಾನಾಗಿ ಹರಿಯುತ್ತಿದ್ದ ಚಲನೆ ತುಂಡುತುಂಡಾಗುತ್ತದೆ. ಎರಡನೆಯ ಕಾರಣವೂ ಇದೆ: ಚಿಂತೆ ಗಮನವನ್ನು ತಿನ್ನುತ್ತದೆ. ಎದುರಾಳಿಯ ಕಾಲು ಎತ್ತ ಸರಿಯುತ್ತಿದೆ ಎಂದು ನೋಡಬೇಕಾದ ಕಣ್ಣು ಆಯ್ಕೆಗಾರರು ಕುಳಿತ ಕುರ್ಚಿಯ ಕಡೆ ಹೋಗುತ್ತದೆ.

ಹೀಗಾಗಿ ಪರಿಹಾರವೂ ಗಮನದ ಕಡೆಯಿಂದಲೇ ಬರಬೇಕು. ಜಿಲ್ಲಾ ಕ್ರೀಡಾಕೂಟವೊಂದರಲ್ಲಿ 800 ಮೀಟರ್ ಓಟಕ್ಕೆ ಹೆಸರು ಕೂಗಿದಾಗ ಹುಡುಗಿಯೊಬ್ಬಳು ಶೂ ಲೇಸನ್ನು ಬಿಚ್ಚಿ ಕಟ್ಟಿ, ಮತ್ತೆ ಬಿಚ್ಚಿ ಕಟ್ಟುತ್ತಿದ್ದಳು. ಅವಳ ಪಿಇಟಿ ಮೇಡಂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ‘ಏನಾಗಾಕತ್ತೈತಿ ಅವ್ವಾ?’ ಎಂದು ಕೇಳಿದರು. ‘ಎದಿ ಬಡಕೊಳ್ಳಾಕತ್ತೈತ್ರಿ ಮೇಡಂ.’ ‘ಬಡಕೊಳ್ಳಲಿ, ಓಡಾಕ ಅದು ಬೇಕು. ಮೊದಲನೇ ಇನ್ನೂರು ಮೀಟರ್ ಯಾರ ಹಿಂದ ಇರ್ತಿ ಹೇಳು.’ ಹುಡುಗಿ ಉತ್ತರ ಹೇಳುತ್ತಲೇ ಎದ್ದು ಗೆರೆಯ ಕಡೆ ನಡೆದಳು. ಆ ಮೇಡಂ ಹೆದರಬೇಡ ಎನ್ನಲಿಲ್ಲ, ಗೆಲ್ಲಲೇಬೇಕು ಎಂದೂ ಅನ್ನಲಿಲ್ಲ. ಎದೆಬಡಿತಕ್ಕೆ ಒಂದು ಒಳ್ಳೆಯ ಅರ್ಥ ಕೊಟ್ಟು, ಮನಸ್ಸಿಗೆ ಮಾಡಲು ಒಂದು ಕೆಲಸ ಕೊಟ್ಟರು. ಒತ್ತಡದ ಹೊತ್ತಿನಲ್ಲಿ ‘ಶಾಂತವಾಗಿರು’ ಎಂದುಕೊಳ್ಳುವುದಕ್ಕಿಂತ ‘ನನಗೆ ಹುರುಪು ಬಂದಿದೆ’ ಎಂದುಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ ಎಂಬುದನ್ನು ಹಾಡು, ಭಾಷಣ ಮತ್ತು ಗಣಿತದ ಪರೀಕ್ಷೆಗಳಲ್ಲಿ ತೋರಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಗಿದೆ. ನಮ್ಮ ಮೈದಾನದ ಅನುಭವಿ ಶಿಕ್ಷಕರಿಗೆ ಇದು ಕೆಲಸದಿಂದಲೇ ಗೊತ್ತಿದೆ.

ಅಭ್ಯಾಸದಲ್ಲೇ ಒತ್ತಡವನ್ನು ಸ್ವಲ್ಪ ಸ್ವಲ್ಪ ಬೆರೆಸುವುದು ಇನ್ನೊಂದು ದಾರಿ. ವಾರಕ್ಕೊಮ್ಮೆ ಬೇರೆ ಶಾಲೆಯ ಶಿಕ್ಷಕರನ್ನು ಅಂಪೈರ್ ಮಾಡಿ, ಊರವರನ್ನು ಕರೆದು, ಒಂದೇ ಅವಕಾಶ ಕೊಟ್ಟು ಆಡಿಸಿದರೆ ಟ್ರಯಲ್ಸ್ ದಿನದ ವಾತಾವರಣ ಹೊಸದೆನಿಸುವುದಿಲ್ಲ.

ಸಹಜ ಕಳವಳ ಎಲ್ಲಿ ಮುಗಿಯುತ್ತದೆ, ಚಿಕಿತ್ಸೆ ಬೇಕಾದ ಸ್ಥಿತಿ ಎಲ್ಲಿ ಶುರುವಾಗುತ್ತದೆ?

ಪಂದ್ಯ ಮುಗಿದ ಮೇಲೂ ಕಳವಳ ಇಳಿಯದಿದ್ದರೆ, ಪಂದ್ಯಕ್ಕೆ ಸಂಬಂಧವೇ ಇಲ್ಲದ ಊಟ, ಓದು, ಸ್ನೇಹಿತರ ಒಡನಾಟಕ್ಕೂ ಅದು ಹರಡಿದ್ದರೆ, ಎರಡು ವಾರ ಕಳೆದರೂ ಹಾಗೇ ಇದ್ದರೆ ವೈದ್ಯರನ್ನು ಕಾಣಬೇಕು. ಆಟದ ಮೇಲಿನ ಆಸೆಯೇ ಬತ್ತಿಹೋಗುವುದು, ಕಾರಣವಿಲ್ಲದೆ ಅಳು ಅಥವಾ ಸಿಟ್ಟು ಬರುವುದು, ಅಭ್ಯಾಸ ತಪ್ಪಿಸಲು ನೆಪ ಹುಡುಕುವುದು, ತೂಕ ಇಳಿಯುವುದು, ಗುಟ್ಕಾ ಅಥವಾ ಮದ್ಯದ ಕಡೆ ಕೈ ಹೋಗುವುದು ಇವೆಲ್ಲ ಗಮನಿಸಬೇಕಾದ ಸೂಚನೆಗಳು.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಉನ್ನತ ಮಟ್ಟದ ಕ್ರೀಡಾಪಟುಗಳ ಮಾನಸಿಕ ಆರೋಗ್ಯದ ಬಗ್ಗೆ 2019ರಲ್ಲಿ ತಜ್ಞರ ಒಮ್ಮತದ ಹೇಳಿಕೆ ಹೊರತಂದು, ಬಳಿಕ 16 ವರ್ಷ ಮೇಲ್ಪಟ್ಟವರಿಗಾಗಿ ಒಂದು ತಪಾಸಣಾ ಪ್ರಶ್ನಾವಳಿಯನ್ನೂ ಸಿದ್ಧಪಡಿಸಿತು. ಅದರ ಮೊದಲ ಹಂತದಲ್ಲಿ ಇರುವುದು ಹತ್ತೇ ಪ್ರಶ್ನೆ. ತಂಡದವರ ಜೊತೆ ಇರುವುದು ಕಷ್ಟವೆನಿಸುತ್ತಿದೆಯೇ, ಗಾಯದ ಅಥವಾ ಆಟದ ಚಿಂತೆಯನ್ನು ನಿಲ್ಲಿಸಲಾಗುತ್ತಿಲ್ಲವೇ, ಆಯ್ಕೆಯ ಒತ್ತಡ ತಡೆಯಲಾಗುತ್ತಿಲ್ಲವೇ, ಆಟ ಬಿಟ್ಟ ಮೇಲಿನ ಬದುಕಿನ ಚಿಂತೆ ಇದೆಯೇ ಎಂಬಂಥವು. ನಮ್ಮ ಯಾವ ದೈಹಿಕ ಶಿಕ್ಷಣ ಶಿಕ್ಷಕರೂ ಇವುಗಳನ್ನು ಮರದ ನೆರಳಲ್ಲಿ ಕುಳಿತು ಕೇಳಬಹುದು. ಕಾಯಿಲೆಯ ಹೆಸರು ಹೇಳುವುದು ಮಾತ್ರ ವೈದ್ಯರಿಗೆ ಬಿಟ್ಟ ಕೆಲಸ.

ಇದು ಮನಸ್ಸಿನದೋ ದೇಹದ್ದೋ ಎಂದು ಗೊತ್ತಾಗುವುದು ಹೇಗೆ?

ಎಷ್ಟೋ ಸಲ ದೇಹದ್ದೇ ಆಗಿರುತ್ತದೆ, ಆದ್ದರಿಂದ ಮೊದಲು ದೇಹವನ್ನು ಪರೀಕ್ಷಿಸಬೇಕು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಗಳಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲು. ಆ ಬಿಸಿಲಿನಲ್ಲಿ ನೀರು ಸಾಲದೆ ಹೋದರೆ ಎದೆಬಡಿತ ಏರುತ್ತದೆ, ತಲೆ ಸುತ್ತುತ್ತದೆ, ಕೈ ನಡುಗುತ್ತದೆ. ನೋಡುವವರಿಗೂ ಅನುಭವಿಸುವವರಿಗೂ ಅದು ಗಾಬರಿಯಂತೆಯೇ ಕಾಣುತ್ತದೆ. ಮುಂಜಾನೆ ಮತ್ತು ಇಳಿಹೊತ್ತಿನ ಅಭ್ಯಾಸ, ಉಪ್ಪು ಬೆರೆಸಿದ ಮಜ್ಜಿಗೆ, ಆಗಾಗ ನೀರು ಇಷ್ಟರಿಂದಲೇ ಕೆಲವರ ‘ಟೆನ್ಷನ್’ ಅರ್ಧ ಇಳಿಯುತ್ತದೆ.

ಹುಡುಗಿಯರಲ್ಲಿ ರಕ್ತಹೀನತೆ ನಮ್ಮ ಭಾಗದ ದೊಡ್ಡ ಸಮಸ್ಯೆ. ಹಿಮೋಗ್ಲೋಬಿನ್ ಕಡಿಮೆಯಿದ್ದವಳಿಗೆ ಏದುಸಿರು, ಸುಸ್ತು, ಎದೆಬಡಿತ ಎಲ್ಲವೂ ಬರುತ್ತವೆ, ‘ಅವಳಿಗೆ ಮನಸ್ಸಿಲ್ಲ’ ಎಂಬ ಮಾತೂ ಬರುತ್ತದೆ. ಅಭ್ಯಾಸಕ್ಕೆ ತಕ್ಕಷ್ಟು ಊಟ ಇಲ್ಲದಿದ್ದರೆ ಮುಟ್ಟು ನಿಲ್ಲುವುದು, ಮೂಳೆ ದುರ್ಬಲವಾಗುವುದು, ಮನಸ್ಸು ಕುಗ್ಗುವುದು ಒಟ್ಟಿಗೇ ಆಗುತ್ತವೆ. ತಿಂಗಳುಗಟ್ಟಲೆ ಮುಟ್ಟಾಗದಿರುವುದನ್ನು ‘ಆಟಗಾರ್ತಿಯರಿಗೆ ಹಾಗೇ’ ಎಂದು ತಳ್ಳಿಹಾಕುವುದು ಅಪಾಯ. ಥೈರಾಯ್ಡ್ ಗ್ರಂಥಿ ಹೆಚ್ಚು ಕೆಲಸ ಮಾಡಿದರೂ ಆತಂಕದಂಥ ಲಕ್ಷಣಗಳು ಕಾಣುತ್ತವೆ. ಓಡುವಾಗ ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಅದನ್ನು ಎಂದಿಗೂ ಹೆದರಿಕೆ ಎಂದು ಬಿಡಬಾರದು. ಹೃದಯದ ತಪಾಸಣೆ ಆಗುವವರೆಗೆ ಮೈದಾನಕ್ಕೆ ಇಳಿಸಬಾರದು.

ಪಂದ್ಯದ ದಿನ ಏನೇನು ಮಾಡಬಹುದು?

ಉಸಿರಿನಿಂದ ಶುರುಮಾಡಿ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಎದೆಗಿಂತ ಹೊಟ್ಟೆ ಉಬ್ಬಬೇಕು. ನಿಮಿಷಕ್ಕೆ ಸುಮಾರು ಆರು ಉಸಿರಿನ ಈ ಲಯದಲ್ಲಿ, ಅದರಲ್ಲೂ ಉಸಿರು ಬಿಡುವ ಹೊತ್ತು ಉದ್ದವಾದಾಗ, ಹೃದಯದ ಬಡಿತ ಇಳಿಯತೊಡಗುತ್ತದೆ. ಒಂದು ಎಚ್ಚರಿಕೆ: ಇದನ್ನು ಪಂದ್ಯದ ದಿನವೇ ಮೊದಲ ಬಾರಿ ಮಾಡಿದರೆ ಫಲವಿಲ್ಲ. ದಿನಾಲೂ ಅಭ್ಯಾಸ ಮುಗಿದ ಮೇಲೆ ಐದು ನಿಮಿಷ ಮಾಡಿ ರೂಢಿಯಾಗಿರಬೇಕು.

ಆಮೇಲೆ ಒಂದು ಕ್ರಮ. ಸರ್ವ್ ಮಾಡುವ ಮುಂಚೆ ಚೆಂಡನ್ನು ಎರಡು ಸಲ ನೆಲಕ್ಕೆ ಬಡಿಯುವುದು, ಗುಂಡು ಎಸೆಯುವ ಮುಂಚೆ ಕೈಗೆ ಪುಡಿ ಹಚ್ಚಿ ಒಂದು ಉಸಿರು ಬಿಡುವುದು, ರೈಡಿಗೆ ಹೋಗುವ ಮುಂಚೆ ನೆಲ ಮುಟ್ಟುವುದು, ಯಾವುದಾದರೂ ಆಗಬಹುದು. ಪ್ರತಿ ಸಲವೂ ಒಂದೇ ಆಗಿರಬೇಕು, ಚಿಕ್ಕದಾಗಿರಬೇಕು ಮತ್ತು ನಿಮ್ಮ ಕೈಯಲ್ಲೇ ಇರುವಂಥದ್ದಾಗಿರಬೇಕು. ದೇವರಿಗೆ ಕೈಮುಗಿಯುವುದೂ, ಮನೆಯವರು ಕಟ್ಟಿದ ದಾರವನ್ನು ಮುಟ್ಟಿಕೊಳ್ಳುವುದೂ ಈ ಕ್ರಮದ ಭಾಗವಾಗಬಹುದು, ಅದರಲ್ಲಿ ಕೆಡುಕಿಲ್ಲ. ಆದರೆ ದಾರ ಕಳೆದುಹೋದ ದಿನ ಆಡಲಾರೆ ಎನ್ನುವಂತಾದರೆ ಅದೇ ಹೊಸ ಆತಂಕವಾಗುತ್ತದೆ.

ಊಟದ ವಿಷಯದಲ್ಲಿ ನಮ್ಮವರಿಗೆ ಹೇಳಲೇಬೇಕಾದ ಮಾತೊಂದಿದೆ. ಮುಂಜಾನೆ ಸ್ಟೇಡಿಯಂ ಎದುರಿನ ಗಾಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮೇಲೆ ಎರಡು ಮಿರ್ಚಿ ತಿಂದು ಹತ್ತು ಗಂಟೆಗೆ ಓಡಲು ನಿಂತರೆ, ಅಡ್ರಿನಲಿನ್‌ನಿಂದ ಮೊದಲೇ ತಳಮಳಿಸುವ ಹೊಟ್ಟೆಗೆ ಎಣ್ಣೆ ಖಾರ ಎರಡೂ ಸೇರುತ್ತವೆ. ಎರಡು ಮೂರು ಗಂಟೆ ಮುಂಚೆ ಇಡ್ಲಿ, ಬಾಳೆಹಣ್ಣು, ಮೊಸರನ್ನದಂಥ ಹಗುರವಾದದ್ದನ್ನು ತಿನ್ನಿ. ಚಹಾ ಕಾಫಿ ಹೆಚ್ಚಾದರೂ ಎದೆಬಡಿತ ಏರುತ್ತದೆ. ಮಿರ್ಚಿಯನ್ನು ಪಂದ್ಯ ಮುಗಿದ ಮೇಲೆ ತಿನ್ನಬಹುದು.

ಬೆಂಗಳೂರಿಗೆ ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆಯೇ ಸ್ಪರ್ಧೆ ಇರುತ್ತದೆ, ನಿದ್ದೆಯೇ ಆಗಿರುವುದಿಲ್ಲ.

ಒಂದು ರಾತ್ರಿ ನಿದ್ದೆ ಕೆಟ್ಟರೆ ಆಟ ಪೂರ್ತಿ ಕೆಡುವುದಿಲ್ಲ, ನಿದ್ದೆ ಆಗಲಿಲ್ಲ ಎಂಬ ಚಿಂತೆಯೇ ಹೆಚ್ಚು ಕೆಡಿಸುತ್ತದೆ. ಅದಕ್ಕಿಂತ ಹಿಂದಿನ ಮೂರು ನಾಲ್ಕು ರಾತ್ರಿಗಳ ನಿದ್ದೆಯನ್ನು ಕಾಪಾಡಿಕೊಳ್ಳಿ. ಮೊಬೈಲನ್ನು ಹಾಸಿಗೆಯಿಂದ ದೂರವಿಡಿ. ಆದರೂ ಸಂಘಟಕರಿಗೆ ಒಂದು ಮಾತು: ದೂರದ ಜಿಲ್ಲೆಗಳ ಮಕ್ಕಳನ್ನು ಒಂದು ದಿನ ಮುಂಚೆ ಕರೆಸಿಕೊಂಡು ಮಲಗಲು ಜಾಗ ಕೊಡುವುದು ಸ್ಪರ್ಧೆಯ ನ್ಯಾಯದ ಪ್ರಶ್ನೆ. ಜನರಲ್ ಬೋಗಿಯಲ್ಲಿ ನಿಂತು ಬಂದವಳಿಗೂ ಮೈದಾನದ ಪಕ್ಕದ ಮನೆಯಲ್ಲಿ ಮಲಗಿ ಎದ್ದವಳಿಗೂ ಓಟದ ಗೆರೆ ಒಂದೇ ಆಗಿರುವುದಿಲ್ಲ.

ಮಗ ಕ್ರೀಡಾ ವಸತಿ ನಿಲಯದಲ್ಲಿದ್ದಾನೆ. ಫೋನ್ ಮಾಡಿದರೆ ‘ಚಲೋ ಅದೀನಿ’ ಎಂದಷ್ಟೇ ಹೇಳುತ್ತಾನೆ. ಏನು ಮಾಡಬೇಕು?

ಆಟದ ಬಗ್ಗೆ ಕೊನೆಯಲ್ಲಿ ಕೇಳಿ. ಮೊದಲು ಊಟ ಏನು ಮಾಡಿದೆ, ಪಕ್ಕದ ಮಂಚದವನು ಯಾರು, ಕಾಲಿನ ನೋವು ಹೇಗಿದೆ ಎಂದು ಕೇಳಿ. ‘ನಿನ್ನ ಮ್ಯಾಲೆ ಎಲ್ಲಾ ಆಸೆ ಇಟ್ಟೀವಿ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ, ಆದರೆ ಹತ್ತು ಹನ್ನೆರಡು ವರ್ಷದ ಹುಡುಗನಿಗೆ ಅದು ಇಡೀ ಮನೆಯ ಸಾಲವನ್ನು ತಾನೇ ತೀರಿಸಬೇಕು ಎಂಬಂತೆ ಕೇಳಿಸುತ್ತದೆ. ಕ್ರೀಡಾ ಕೋಟಾದಲ್ಲಿ ಪೊಲೀಸ್ ಅಥವಾ ರೈಲ್ವೆ ನೌಕರಿ ಸಿಗಲಿ ಎಂಬ ಆಸೆ ನಮ್ಮ ಭಾಗದ ಬಡತನದ ನಡುವೆ ಅತ್ಯಂತ ಸಹಜವಾದದ್ದು. ಆ ಆಸೆ ಇರಲಿ, ಆದರೆ ಓದನ್ನೂ ಜೊತೆಗೆ ಉಳಿಸಿ. ಇನ್ನೊಂದು ದಾರಿ ಇದೆ ಎಂದು ಗೊತ್ತಿರುವ ಮಗು ಮೈದಾನದಲ್ಲಿ ಹೆಚ್ಚು ನಿರಾಳವಾಗಿ ಆಡುತ್ತದೆ.

ಸೋತು ಬಂದ ದಿನ ಬಸ್‌ಸ್ಟ್ಯಾಂಡಿನಲ್ಲೇ ತಪ್ಪುಗಳ ಪಟ್ಟಿ ತೆಗೆಯಬೇಡಿ. ಆ ರಾತ್ರಿ ಊಟ ಹಾಕಿ ಮಲಗಲು ಬಿಡಿ.

ಮಗು ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರು ಬಂದಾಗ ಮೌನವಾದರೆ, ಹಾಸ್ಟೆಲಿಗೆ ಮರಳಲು ಹಟದಿಂದ ನಿರಾಕರಿಸಿದರೆ, ಅದನ್ನು ಸೋಮಾರಿತನ ಎಂದುಕೊಳ್ಳದೆ ಒಂಟಿಯಾಗಿ ಕೂರಿಸಿಕೊಂಡು ಕೇಳಿ. ಹೊಡೆತ, ರ‍್ಯಾಗಿಂಗ್, ಲೈಂಗಿಕ ಕಿರುಕುಳ ಎಲ್ಲಿಯೂ ನಡೆಯಬಹುದು. 1098 ಮಕ್ಕಳ ಸಹಾಯವಾಣಿ. 18 ವರ್ಷದೊಳಗಿನವರ ಮೇಲಿನ ಲೈಂಗಿಕ ದೌರ್ಜನ್ಯವನ್ನು ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಗೊತ್ತಿದ್ದವರೆಲ್ಲರ ಕರ್ತವ್ಯ, ಸಂಸ್ಥೆಯ ಮರ್ಯಾದೆಯ ಮಾತು ಅಲ್ಲಿ ಬರಬಾರದು.

ಬೈದು, ಹೊಡೆದು ಬೆಳೆಸಿದರೇ ಆಟಗಾರ ಗಟ್ಟಿಯಾಗುತ್ತಾನೆ ಎಂದು ಹಿರಿಯ ಕೋಚ್‌ಗಳು ಹೇಳುತ್ತಾರೆ. ನಿಜವೇ?

ಇಲ್ಲ. ಕಠಿಣ ಅಭ್ಯಾಸ ಬೇರೆ, ಅವಮಾನ ಬೇರೆ. ಹತ್ತು ಸುತ್ತು ಹೆಚ್ಚು ಓಡಿಸುವುದು ಶಿಸ್ತಿನ ಭಾಗವಾಗಬಹುದು. ಎಲ್ಲರ ಎದುರು ಜಾತಿ, ಮೈಬಣ್ಣ, ಮನೆಯ ಬಡತನ ಎತ್ತಿ ಆಡುವುದು ಯಾವ ಶಿಸ್ತೂ ಅಲ್ಲ. ಅವಮಾನಕ್ಕೆ ಹೆದರುವ ಆಟಗಾರ ಗೆಲ್ಲುವುದಕ್ಕಿಂತ ತಪ್ಪು ಮಾಡದಿರಲು ಆಡುತ್ತಾನೆ, ರೈಡಿಗೆ ಹೋಗಿ ಬೋನಸ್ ಗೆರೆಯನ್ನೂ ಮುಟ್ಟದೆ ಮರಳುತ್ತಾನೆ. ಗಾಯವನ್ನೂ ಮುಚ್ಚಿಡುತ್ತಾನೆ. ಹೊಡೆಸಿಕೊಂಡೂ ಗೆದ್ದ ನಾಲ್ವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಹೊಡೆತಕ್ಕೆ ಆಟವನ್ನೇ ಬಿಟ್ಟವರ ಲೆಕ್ಕ ಯಾರೂ ಇಟ್ಟಿಲ್ಲ.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಂಥ ತರಬೇತಿ ಕೇಂದ್ರದಲ್ಲಿ ಕ್ರೀಡಾ ವಿಜ್ಞಾನದ ನೆರವಿದೆ. ಅಲ್ಲಿಂದ ಸ್ವಲ್ಪವೇ ದೂರದ ಹಳ್ಳಿಯ ಪ್ರೌಢಶಾಲೆಯಲ್ಲಿ ಕೋಚ್, ಫಿಸಿಯೋ, ಮನೋತಜ್ಞ ಎಲ್ಲವೂ ಒಬ್ಬರೇ ಪಿಇಟಿ ಸರ್. ಅವರ ಮೇಲಿನ ಹೊರೆ ದೊಡ್ಡದು. ಅದನ್ನು ತಿಳಿದೇ ಕೇಳಿಕೊಳ್ಳುವುದೇನೆಂದರೆ, ತಂಡದಲ್ಲಿ ಪ್ರತಿಯೊಬ್ಬರನ್ನೂ ವಾರಕ್ಕೊಮ್ಮೆ ಆಟದ ಮಾತು ಬಿಟ್ಟು ಎರಡು ನಿಮಿಷ ಮಾತಾಡಿಸಿ.

ದೊಡ್ಡ ಆಟಗಾರರಿಗೂ ಹೀಗಾಗುತ್ತದೆಯೇ?

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದ ಶೂಟರ್ ಅಭಿನವ್ ಬಿಂದ್ರಾ, ಗೆದ್ದ ಮೇಲೆಯೇ ತಮ್ಮನ್ನು ದೊಡ್ಡ ಶೂನ್ಯ ಆವರಿಸಿತ್ತು ಎಂದು ಹಲವು ಬಾರಿ ಹೇಳಿದ್ದಾರೆ. ಕರ್ನಾಟಕದ ಕ್ರಿಕೆಟಿಗ ರಾಬಿನ್ ಉತ್ತಪ್ಪ 2009ರಿಂದ 2011ರ ನಡುವೆ ಖಿನ್ನತೆಯನ್ನೂ ಆತ್ಮಹತ್ಯೆಯ ಯೋಚನೆಗಳನ್ನೂ ಎದುರಿಸಿದ್ದನ್ನು ಬಹಿರಂಗವಾಗಿ ಹಂಚಿಕೊಂಡಿದ್ದಾರೆ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಾಳಿಯಲ್ಲಿ ತನ್ನ ದೇಹ ಎಲ್ಲಿದೆ ಎಂಬ ಅರಿವೇ ತಪ್ಪುತ್ತಿದ್ದುದರಿಂದ ತಂಡದ ಫೈನಲ್ ನಡುವೆ ಹಿಂದೆ ಸರಿದರು. ಅದೇ ಕೂಟದಲ್ಲಿ ಮರಳಿ ಬಂದು ಬೀಮ್‌ನಲ್ಲಿ ಕಂಚು ಗೆದ್ದರು, 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ಹಿಂದೆ ಸರಿದದ್ದು ಅವರನ್ನು ಮುಗಿಸಲಿಲ್ಲ. ಪಿಸ್ತೂಲು ಕೈಕೊಟ್ಟ ಟೋಕಿಯೊದಿಂದ ಬರಿಗೈಯಲ್ಲಿ ಮರಳಿದ ಮನು ಭಾಕರ್ ಪ್ಯಾರಿಸ್‌ನಲ್ಲಿ ಎರಡು ಕಂಚು ತಂದದ್ದು ನಮ್ಮ ಮಕ್ಕಳಿಗೆ ಗೊತ್ತೇ ಇದೆ.

ಗಾಯವಾಗಿ ಆರು ತಿಂಗಳು ಆಟವಿಲ್ಲ. ಮಗಳು ಯಾರ ಜೊತೆಗೂ ಮಾತಾಡುತ್ತಿಲ್ಲ.

ಆಟವೇ ತಾನು ಎಂದುಕೊಂಡು ಬೆಳೆದವರಿಗೆ ಗಾಯ ಎಂದರೆ ಬರೀ ನೋವಲ್ಲ, ಗುರುತೇ ಹೋದಂತೆ. ಅವಳನ್ನು ತಂಡದಿಂದ ದೂರವಿಡಬೇಡಿ. ಅಂಕ ಬರೆಯುವುದು, ಕಿರಿಯರಿಗೆ ವಾರ್ಮ್‌ಅಪ್ ಮಾಡಿಸುವುದು ಹೀಗೆ ಏನಾದರೂ ಕೆಲಸ ಕೊಟ್ಟು ಮೈದಾನಕ್ಕೆ ಕರೆಯಿರಿ. ಕಾಲು ಗುಣವಾದ ಮೇಲೂ ಮತ್ತೆ ಪೆಟ್ಟಾದೀತೆಂಬ ಭಯ ಉಳಿಯುವುದು ಸಾಮಾನ್ಯ. ಫಿಸಿಯೋ ಹೇಳಿದ ಹಂತಗಳನ್ನು ಒಂದೊಂದಾಗಿ ದಾಟಿದಾಗಲೇ ಆ ಭಯ ಕರಗುತ್ತದೆ.

ಮನೋವೈದ್ಯರಲ್ಲಿಗೆ ಹೋದರೆ ‘ಹುಚ್ಚು’ ಎನ್ನುತ್ತಾರೆ, ತಂಡದಿಂದಲೂ ತೆಗೆಯುತ್ತಾರೆ ಎಂಬ ಭಯವಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ನಿಮ್ಮ ಹಕ್ಕು. ಕಾಯ್ದೆ ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟರೆ ನಿಮ್ಮ ಒಪ್ಪಿಗೆಯಿಲ್ಲದೆ ವೈದ್ಯರು ಕೋಚ್‌ಗಾಗಲಿ ಸಂಘಕ್ಕಾಗಲಿ ಏನನ್ನೂ ಹೇಳುವಂತಿಲ್ಲ. 18 ವರ್ಷದೊಳಗಿನವರ ಚಿಕಿತ್ಸೆಯಲ್ಲಿ ಮಾತ್ರ ಪೋಷಕರು ಜೊತೆಗಿರಬೇಕಾಗುತ್ತದೆ.

ನಮ್ಮ ಭಾಗದಲ್ಲಿ ಈ ಸಂಕೋಚಕ್ಕೆ ಜಾಗವೇ ಇರಬಾರದು ಎಂದು ನಾನು ಹೇಳಲು ಇನ್ನೊಂದು ಕಾರಣವಿದೆ. ಮಾನಸಿಕ ಕಾಯಿಲೆಗೆ ದೊಡ್ಡ ಆಸ್ಪತ್ರೆಗೇ ಹೋಗಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಹಳ್ಳಿಯಲ್ಲೇ ಗುರುತಿಸಿ ಚಿಕಿತ್ಸೆ ನೀಡಬಹುದು ಎಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ ಜಿಲ್ಲೆಯೊಂದರಲ್ಲಿ ಪ್ರಯೋಗ ಮಾಡಿ ತೋರಿಸಿತು. ಆ ಜಿಲ್ಲೆ ಬಳ್ಳಾರಿ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿ ಮಾದರಿಯೇ ಆಧಾರವಾಯಿತು.

ಮಾತ್ರೆ ತೆಗೆದುಕೊಂಡರೆ ಡೋಪಿಂಗ್ ಆಗುತ್ತದೆಯೇ?

ಎಲ್ಲ ಮಾತ್ರೆಗಳೂ ಅಲ್ಲ. ಖಿನ್ನತೆ ಮತ್ತು ಆತಂಕಕ್ಕೆ ಹೆಚ್ಚಾಗಿ ಬರೆಯುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳು ನಿಷೇಧಿತ ಪಟ್ಟಿಯಲ್ಲಿಲ್ಲ. ಆದರೆ ಕೈನಡುಕ, ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಶೂಟಿಂಗ್ ಮತ್ತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧೆಯ ಹೊರಗೂ ನಿಷೇಧ. ಗಮನದ ಕೊರತೆಗೆ ಕೊಡುವ ಮಿಥೈಲ್‌ಫೆನಿಡೇಟ್ ಸ್ಪರ್ಧೆಯ ಸಮಯದಲ್ಲಿ ನಿಷೇಧಿತ, ನಿಜವಾದ ಅಗತ್ಯವಿದ್ದರೆ ಚಿಕಿತ್ಸಾ ವಿನಾಯಿತಿಗೆ ಮೊದಲೇ ಅರ್ಜಿ ಹಾಕಬೇಕು. ಜಾಗತಿಕ ಪಟ್ಟಿ ಪ್ರತಿವರ್ಷ ಜನವರಿ 1ರಿಂದ ಹೊಸದಾಗುತ್ತದೆ, ಆದ್ದರಿಂದ ನಾಡಾ, ಅಂದರೆ ದೇಶದ ಡೋಪಿಂಗ್ ತಡೆ ಸಂಸ್ಥೆ, ಪ್ರಕಟಿಸಿದ ಈ ವರ್ಷದ ಪಟ್ಟಿಯನ್ನೇ ನೋಡಿ. ನೀವು ಕ್ರೀಡಾಪಟು ಎಂಬುದನ್ನು ವೈದ್ಯರಿಗೆ ಮೊದಲ ಭೇಟಿಯಲ್ಲೇ ಹೇಳಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ನಿದ್ದೆ ಮಾತ್ರೆ ನುಂಗುವುದನ್ನು ಬಿಡಿ: ಮರುದಿನ ಪ್ರತಿಕ್ರಿಯೆಯ ವೇಗ ತಗ್ಗುತ್ತದೆ, ಚಟವೂ ಹತ್ತುತ್ತದೆ. ಎಷ್ಟೋ ಜನರಿಗೆ ಮಾತ್ರೆಯೇ ಬೇಕಾಗುವುದಿಲ್ಲ, ಆಪ್ತಸಮಾಲೋಚನೆಯಲ್ಲೇ ಸುಧಾರಿಸುತ್ತದೆ.

ಎಲ್ಲಿಗೆ ಹೋಗಬೇಕು, ಯಾರಿಗೆ ಫೋನ್ ಮಾಡಬೇಕು?

14416 ಎಂಬುದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮುಖಾಮುಖಿ ಕಾಣಲು, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವುಗಳ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ ಹೊರರೋಗಿ ಚೀಟಿ ಮಾಡಿಸಿದರೆ ಸಾಕು. ಹಳ್ಳಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿ.

ಸೆಲೆಕ್ಷನ್ ಆಗಲಿಲ್ಲ ಎಂದು ಗೆಳೆಯ ‘ಬದುಕಿದ್ದು ಏನು ಮಾಡಲಿ’ ಎನ್ನುತ್ತಿದ್ದಾನೆ. ಬರೀ ಮಾತು ಎಂದು ಬಿಡಬಹುದೇ?

ಬಿಡಬಾರದು. ‘ಸಾಯಬೇಕು ಅನಿಸ್ತೈತೇನು?’ ಎಂದು ನೇರವಾಗಿ ಕೇಳಿ. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಮನಸ್ಸು ಬಿಚ್ಚಲು ದಾರಿಯಾಗುತ್ತದೆ. ಹೌದು ಎಂದರೆ ಅವನನ್ನು ಒಬ್ಬನೇ ಬಿಡಬೇಡಿ. ನಮ್ಮ ಹೊಲದ ಮನೆಗಳಲ್ಲಿ ಕ್ರಿಮಿನಾಶಕದ ಡಬ್ಬಿ ಕೈಗೆಟುಕುವಲ್ಲೇ ಇರುತ್ತದೆ, ಮೊದಲು ಅದನ್ನು ಬೀಗದೊಳಗೆ ಇಡಿಸಿ. ಮನೆಯ ಹಿರಿಯರೊಬ್ಬರಿಗೆ ತಿಳಿಸಿ, 14416ಕ್ಕೆ ನೀವೇ ಫೋನ್ ಮಾಡಿ ಅವನ ಕೈಗೆ ಕೊಡಿ. ಏನಾದರೂ ಮಾಡಿಕೊಂಡಿದ್ದರೆ ಒಂದು ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಿ. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಒಯ್ಯದಿರಬೇಡಿ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಕಾಯ್ದೆ ಪರಿಗಣಿಸುತ್ತದೆ, ಅವರಿಗೆ ಆರೈಕೆ ಕೊಡುವುದನ್ನು ಸರ್ಕಾರದ ಹೊಣೆಯಾಗಿಸುತ್ತದೆ. ‘ಯಾರಿಗೂ ಹೇಳಬೇಡ’ ಎಂದು ಅವನು ಆಣೆ ಹಾಕಿಸಿಕೊಂಡಿದ್ದರೂ ಹೇಳಿ.

ಚಿಕಿತ್ಸೆಯ ನಡುವೆ ಆಡಬಹುದೇ? ಮೈದಾನಕ್ಕೆ ಯಾವಾಗ ಮರಳಬೇಕು?

ಬಹುತೇಕರು ಆಟ ಬಿಡದೆಯೇ ಚಿಕಿತ್ಸೆ ಪಡೆಯಬಹುದು. ಕೆಲವರಿಗೆ ಮಾತ್ರ ವಿರಾಮ ಬೇಕಾಗುತ್ತದೆ. ಮರಳುವಾಗ ಮೊದಲು ಗೆಳೆಯರ ಜೊತೆ ಹಗುರವಾದ ಅಭ್ಯಾಸ, ಆಮೇಲೆ ಅಂಕ ಲೆಕ್ಕವಿಲ್ಲದ ಪಂದ್ಯ, ಬಳಿಕ ಸ್ಥಳೀಯ ಟೂರ್ನಿ ಎಂಬ ಕ್ರಮ ಒಳ್ಳೆಯದು. ವಿಭಾಗ ಮಟ್ಟದ ಟ್ರಯಲ್ಸ್‌ನಿಂದಲೇ ಮರುಪ್ರವೇಶ ಮಾಡಿಸಬೇಡಿ. ಮಾತ್ರೆ ನಡೆಯುತ್ತಿದ್ದರೆ, ಚೆನ್ನಾಗಿದ್ದೇನೆ ಎನಿಸಿದ ಕೂಡಲೇ ತಾವಾಗಿ ನಿಲ್ಲಿಸದೆ ವೈದ್ಯರು ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು. ಕ್ರೀಡಾಕೂಟಗಳ ದಿನಾಂಕಗಳನ್ನು ಮುಂದಿನ ಭೇಟಿಯಲ್ಲೇ ವೈದ್ಯರಿಗೆ ಬರೆದುಕೊಡಿ, ಔಷಧದ ಬದಲಾವಣೆ ಪಂದ್ಯದ ವಾರದಲ್ಲಿ ಬೀಳದಂತೆ ಅವರು ನೋಡಿಕೊಳ್ಳಬಹುದು.